ಬಿಡುಗಡೆಯೊಳಗಿನ ಬೀಡು

ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಿರಲಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ತಾಲ್ಲೂಕು ಆಸ್ಪತ್ರೆಗಳಿರಲಿ, ಒಳರೋಗಿಯ ಕಡೆಯವರು ವಾರ್ಡಿನ ಬಾಗಿಲಲ್ಲಿ ನಿಂತು ಕೇಳುವ ಮಾತು ಒಂದೇ: ‘ಯಾವಾಗ ಬಿಡ್ತಾರೆ ಸಿಸ್ಟರ್?’ ಡಿಸ್ಚಾರ್ಜ್ ಎಂಬುದು ಹಳ್ಳಿಯ ಅಜ್ಜಿಯರ ಬಾಯಲ್ಲೂ ಪಳಗಿದೆ, ನಿಜ. ಆದರೆ ಕಾದು ಕಾದು ಸಾಕಾದಾಗ ಹೊರಬೀಳುವುದು ‘ಬಿಡು’ ಎಂಬ ಈ ಎರಡಕ್ಷರದ ಹಳೆಯ ಧಾತುವೇ. ಅದಕ್ಕೆ ‘ಗಡೆ’ ಸೇರಿದರೆ, ನಿಲುಗಡೆ, ಮುಳುಗಡೆಗಳ ಸಾಲಿನಲ್ಲೇ, ನಮ್ಮ ಇಂದಿನ ಪದ ಬಿಡುಗಡೆ.

ಪದಮೋಹಿಗಳಾದ ನಮಗೆ ಇದರ ಕುಲ ಹೊಸದೇನಲ್ಲ. ತಮಿಳಿನ ವೇರ್ ನಮ್ಮಲ್ಲಿ ಬೇರು, ಅಲ್ಲಿಯ ವಿಲ್ ಇಲ್ಲಿ ಬಿಲ್. ಹಾಗೆಯೇ ಅಲ್ಲಿಯ ವಿಡು ಇಲ್ಲಿ ಬಿಡು. ತೆಲುಗು ವಕಾರವನ್ನು ಉಳಿಸಿಕೊಂಡು ವಿಡುದಲ ಎನ್ನುತ್ತದೆ. ಒಂದೇ ಮನೆಯಲ್ಲಿ ಎರಡೂ ನುಡಿ ಆಡುವ ಚಿಂತಾಮಣಿಯ ಕಡೆ ಈ ವ–ಬ ವ್ಯತ್ಯಾಸವನ್ನು ಪಾಠ ಮಾಡಬೇಕಿಲ್ಲ. ಕೈವಾರದ ನಾರೇಯಣ ಯತೀಂದ್ರರು ಎರಡರಲ್ಲೂ ಹಾಡಿದ ನೆಲ ಅದು. ಸ್ವಾರಸ್ಯವೆಂದರೆ, ಆಸ್ಪತ್ರೆಯ ಪ್ರಶ್ನೆಗೆ ತೆಲುಗು ಬಾಯಿ ವಿಡುದಲವನ್ನು ಹುಡುಕುವುದಿಲ್ಲ, ‘ಎಪ್ಪುಡು ಪಂಪಿಸ್ತಾರಂಟ?’ ಎನ್ನುತ್ತದೆ. ಕನ್ನಡಿಗ ಬಿಡಿಸಿಕೊಂಡು ಬರುತ್ತಾನೆ, ತೆಲುಗಿನವನನ್ನು ಕಳಿಸಿಕೊಡುತ್ತಾರೆ.

ಇನ್ನು ಬಿಡು ಮಾಡದ ಕೆಲಸವೇ ಇಲ್ಲ. ಮಳೆ ಬಿಡುತ್ತದೆ, ಶಾಲೆ ಬಿಡುತ್ತದೆ, ಗಿಡ ಹೂ ಬಿಡುತ್ತದೆ, ಸೀರೆ ಬಣ್ಣ ಬಿಡುತ್ತದೆ, ಮಗು ಕಣ್ಣು ಬಿಡುತ್ತದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರನ್ನು ಈ ಜಿಲ್ಲೆಯ ಕೆರೆಗಳಿಗೆ ‘ಬಿಟ್ಟರು’. ಶಾಸನದ ಕಾಲದಲ್ಲಿ ದೇವಾಲಯಕ್ಕೆ ಗದ್ದೆ ಬೆದ್ದಲು ಬಿಟ್ಟರು, ಅಂದರೆ ದತ್ತಿ ಕೊಟ್ಟರು. ರೋಗಶಯ್ಯೆಯ ಸುತ್ತ ಸುಳಿಯುವ ಪ್ರಯೋಗಗಳಂತೂ ಒಂದು ಅಧ್ಯಾಯಕ್ಕಾಗುವಷ್ಟು: ಜ್ವರ ಬಿಟ್ಟಿತು, ನೋವು ಬಿಟ್ಟು ಬಿಟ್ಟು ಬರುತ್ತದೆ, ಡಾಕ್ಟರು ಕೈಬಿಟ್ಟರು, ಪ್ರಾಣ ಬಿಟ್ಟ. ‘ಅಜ್ಜೀನ ಮನೇಗೆ ಬಿಟ್ಟು ಬಾ’ ಎಂಬುದನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿ. ತೊರೆಯುವುದಕ್ಕೂ ಬಿಡು, ಜೊತೆಯಲ್ಲಿ ಹೋಗಿ ಹೊಸ್ತಿಲು ಮುಟ್ಟಿಸುವುದಕ್ಕೂ ಅದೇ ಬಿಡು. ದ್ವಿತೀಯೆ, ಚತುರ್ಥಿಗಳೆರಡೂ ಕೂಡಿದರೆ ಅಕ್ಕರೆ. ‘ಮನೆಗೆ’ ಎಂಬ ಚತುರ್ಥಿ ಜಾರಿದರೆ ಅನಾಥತೆ.

ಕೆಡು ಕೇಡಾದಂತೆ, ಪಡು ಪಾಡಾದಂತೆ, ಬಿಡು ಸ್ವರ ನೀಳವಾಗಿ ಬೀಡಾಯಿತು. ನಡೆದು ದಣಿದ ದಂಡು ಕುದುರೆಯ ಜೀನು, ಎತ್ತಿನ ನೊಗ ಬಿಟ್ಟ ಜಾಗವೇ ಬೀಡಾಗಿ, ಅದು ನೆಲೆನಿಂತಲ್ಲಿ ಅರಸರ ನೆಲೆವೀಡಾಗಿ (ಸಮಾಸದ ನಡುವೆ ಹಳೆಯ ವಕಾರ ಮತ್ತೆ ತಲೆಯೆತ್ತಿತು ನೋಡಿ!), ಮದುವೆಯ ಗಂಡಿನ ಕಡೆಯವರಿಗೆ ಬಿಡದಿಯಾಗಿ, ತೆಲುಗರಿಗೆ ವಿಡಿದಿಯಾಗಿ, ಬಡವರಿಗೆ ಬಿಡಾರವಾಗಿ ಹಬ್ಬಿತು. ತಮಿಳಿನ ವೀಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಅದು ಮನೆಯೂ ಹೌದು, ಅರಮ್, ಪೊರುಳ್, ಇನ್ಬಮ್‌ಗಳ ನಂತರದ ನಾಲ್ಕನೆಯ ಪುರುಷಾರ್ಥವಾದ ಮೋಕ್ಷವೂ ಹೌದು. ಒಂದು ಎಚ್ಚರಿಕೆ: ಗೌರಿಬಿದನೂರಿನ ಬಿದನೂರನ್ನು ಈ ಬೀಡಿಗೆ ಕಟ್ಟುವ ಚಪಲ ಬೇಡ, ಊರವರು ಅದನ್ನು ವಿದುರನಿಗೆ ಕಟ್ಟಿಕೊಂಡು ಸುಖವಾಗಿದ್ದಾರೆ. ಬಿಟ್ಟಿ ಕೆಲಸದ ಬಿಟ್ಟಿಯೂ ನಮ್ಮ ಬಳಗವಲ್ಲ, ಅದು ಸಂಸ್ಕೃತ ವಿಷ್ಟಿಯ ತದ್ಭವ.

1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಗೋಲಿಬಾರಾಯಿತಲ್ಲ, ಆ ಕಾಲಕ್ಕೆ ಬಿಡುಗಡೆ ಎಂದರೆ ಸೆರೆಮನೆಯಿಂದ ಹೊರಬರುವುದು, ಹಿಗ್ಗಿಸಿ ಹೇಳಿದರೆ ನಾಡಿನ ಸ್ವಾತಂತ್ರ್ಯ. ಆಮೇಲೆ ಚಲನಚಿತ್ರ, ಪುಸ್ತಕ, ಅನುದಾನ ಎಲ್ಲಕ್ಕೂ ಬಿಡುಗಡೆಯಾಯಿತು. ಆಸ್ಪತ್ರೆಯ ಕಾಗದಕ್ಕೆ ಬರುವಾಗ ಪದ ತನ್ನ ಸೆರೆಮನೆಯ ವಾಸನೆಯನ್ನೂ ಹೊತ್ತು ತಂದಿತು, ಬೀಡಿನ ನಂಟನ್ನು ಮರೆತೇಬಿಟ್ಟಿತು. ಇಂಗ್ಲಿಷಿನ ಡಿಸ್ಚಾರ್ಜಿನ ಹುಟ್ಟೂ ಕುತೂಹಲದ್ದೇ. ಹಳೆಯ ಫ್ರೆಂಚಿನ ಮೂಲಕ ಬಂದ ಅದು ಮೂಲತಃ ಗಾಡಿಯ ಹೊರೆ ಇಳಿಸುವುದು. ಇಳಿಸಿದ ಹೊರೆಯನ್ನು ಹೊರುವವರು ಯಾರು ಎಂದು ಆ ಪದವೂ ಕೇಳುವುದಿಲ್ಲ.

ಬಿಡುಗಡೆ ತಡವಾಗುವುದು ಇಲ್ಲಿಯೇ. ಬೆಳಗಿನ ರೌಂಡ್ಸಿನಲ್ಲಿ ಡಾಕ್ಟರು ‘ಇವತ್ತು ಮನೆಗೆ ಹೋಗಬಹುದು’ ಎಂದುಬಿಡುತ್ತಾರೆ. ಆ ಕ್ಷಣದಿಂದ ರೋಗಿ ರೋಗಿಯಲ್ಲ, ಆದರೆ ಮಂಚವೂ ಖಾಲಿಯಲ್ಲ. ಸಮ್ಮರಿ ಬರೆಯಬೇಕು, ಔಷಧಿ ಎಣಿಸಬೇಕು, ಖಾಸಗಿಯಾದರೆ ಬಿಲ್ಲಾಗಬೇಕು, ವಿಮೆಯವರ ಒಪ್ಪಿಗೆ ಬರಬೇಕು. ಮೂತ್ರದ ನಳಿಕೆ ಹಾಕಿಸಿಕೊಂಡ ಮುದುಕನನ್ನು ಕಟ್ಟಕಡೆಯ ಬಸ್ಸಿಗೆ ಹತ್ತಿಸುವುದೆಂತು, ಗಾಯದ ಪಟ್ಟಿ ಬದಲಿಸುವವರು ಯಾರು, ಮಗ ಬೆಂಗಳೂರಿನ ಕೆಲಸದಿಂದ ಯಾವಾಗ ಬರುತ್ತಾನೆ ಎಂಬ ಲೆಕ್ಕ ಆಮೇಲೆ ಶುರು. ಕಾಗದದ ತಡಕ್ಕೆ ಮದ್ದುಂಟು; ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ, ಆಸ್ಪತ್ರೆಯ ಕೋರಿಕೆ ಬಂದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಧಿಸಿತು. ಮನೆಯ ತಡಕ್ಕೆ ಇಂಗ್ಲೆಂಡಿನವರು 2003ರಲ್ಲಿ ಕಾಯಿದೆಯನ್ನೇ ತಂದರು: ಊರಿನ ಆಡಳಿತ ಆರೈಕೆಯ ಏರ್ಪಾಟು ಮಾಡದೆ ರೋಗಿ ಆಸ್ಪತ್ರೆಯಲ್ಲೇ ಉಳಿದರೆ ದಿನಕ್ಕಿಷ್ಟು ಎಂದು ಆಡಳಿತವೇ ತೆರಬೇಕಿತ್ತು.

ಶಿಡ್ಲಘಟ್ಟದ ರೇಷ್ಮೆಯವರಿಗೆ ಬಿಡುವ ಹೊತ್ತಿನ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಹುಳು ಹಣ್ಣಾಯಿತೆಂದರೆ ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಡಬೇಕು. ಬಲಿಯದೆ ಬಿಟ್ಟರೆ ಗೂಡು ಸರಿಯಾಗಿ ಕಟ್ಟದು, ಹಣ್ಣಾದ ಮೇಲೂ ತಡೆದರೆ ಮೇವಿನ ಹಾಸಿನ ಮೇಲೆಯೇ ನೂಲು ಚೆಲ್ಲಿಬಿಡುತ್ತದೆ. ಅದಕ್ಕೆ ಮೊದಲೇ ಚಂದ್ರಂಕಿ ಸಿದ್ಧವಿರಬೇಕು ಎಂಬುದು ಅವರ ಮಾತಿನ ಒಳಗೇ ಅಡಗಿದೆ.

ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಬಿಡುವುದೂ ಬೀಡೂ ಕೂಡಿ ಬಂದಿರುವುದು ಒಂದು ಕಡೆ ಮಾತ್ರ, ಅದು ಬಾಣಂತಿಗೆ. ಸಹಜ ಹೆರಿಗೆಯಾದವರನ್ನು 48 ಗಂಟೆ ಇಟ್ಟುಕೊಂಡು, ‘ನಗು–ಮಗು’ ವಾಹನದಲ್ಲಿ ತಾಯಿ ಮಗುವನ್ನು ಮನೆಗೆ ಬಿಟ್ಟು ಬರುವ ಏರ್ಪಾಟಿದೆ. 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನೋಡಬೇಕು. ತಾಯಿ ಕಾರ್ಡಿನಲ್ಲಿ ಲೆಕ್ಕವೂ ಉಂಟು. ಲಕ್ವ ಹೊಡೆದವರಿಗೆ, ಸೊಂಟ ಮುರಿದ ಅಜ್ಜಿಗೆ ಇಂಥ ದಿನಗಳ ಪಟ್ಟಿಯಿಲ್ಲ. ಅವರನ್ನು ‘ಸಮುದಾಯ’ಕ್ಕೆ ಒಪ್ಪಿಸಿದೆವು ಎನ್ನುತ್ತೇವೆ, ಆ ಸಮುದಾಯ ಹೆಚ್ಚಿನ ಕಡೆ ಒಬ್ಬ ಸೊಸೆ. ನೆರೆಯ ಕೋಲಾರದಲ್ಲಿ 2024ರಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆ ಕಾಯಿಲೆಯವರ ಮನೆಬಾಗಿಲಿಗೆ ಹೋಗುತ್ತದೆ. ಆಸ್ಪತ್ರೆ ಬಿಟ್ಟವರ ಪಟ್ಟಿಯೂ ಆ ದಾರಿಯಲ್ಲೇ ಸಾಗಿದರೆ ಅರ್ಧ ಕೆಲಸವಾದೀತು. ರೋಗಿಯನ್ನು ಬಿಡುವ ಹಿಂದಿನ ದಿನವೇ ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೊಂದು ಫೋನು ಹೋಗಲಿ, ಇದು ನನ್ನ ಪಟ್ಟು.

ಓದುಗರಲ್ಲಿ ಒಂದು ಕೋರಿಕೆ. ಬಾಣಂತಿಯನ್ನು ತವರಿನಿಂದ ಗಂಡನ ಮನೆಗೆ ಬಿಡುವಾಗ, ಕಾಯಿಲೆಯಿಂದ ಎದ್ದವರನ್ನು ಮನೆ ತುಂಬಿಸಿಕೊಳ್ಳುವಾಗ ನಿಮ್ಮೂರಲ್ಲಿ ಏನೆನ್ನುತ್ತಾರೆ, ಕನ್ನಡದಲ್ಲೋ ತೆಲುಗಿನಲ್ಲೋ, ಊರಿನ ಹೆಸರಿನೊಡನೆ ಬರೆದು ಕಳಿಸಿ.