ಕೆನ್ನಿ, ಲಿಲಿ, ಕ್ಲೆಮೆಂಟೈನ್: 'ವಾಕಿಂಗ್ ಡೆಡ್' ಗೇಮ್‌ನಲ್ಲಿ ನೀವು ಯಾರ ಮಾತು ಕೇಳ್ತೀರಿ?

ಪುಣೆ ಸಮೀಪದ ಚಾಕಣದಲ್ಲಿ ನನ್ನ ಚಿಕ್ಕಪ್ಪನ ಮಗ ವಾಹನ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಒಂದೇ ಕೋಣೆಯಲ್ಲಿ ನಾಲ್ವರು, ಎಲ್ಲರೂ ಕಲಬುರಗಿ, ವಿಜಯಪುರ ಕಡೆಯವರು. ಇತ್ತೀಚೆಗೆ ನಾನು ಅಲ್ಲಿಗೆ ಹೋದಾಗ ಅವರಲ್ಲಿ ಇಬ್ಬರು ಮಾತು ಬಿಟ್ಟಿದ್ದರು. ಕಾರಣ ಬಾಡಿಗೆಯೂ ಅಲ್ಲ, ಅಡುಗೆ ಸರದಿಯೂ ಅಲ್ಲ. ಹಳೇ ಲ್ಯಾಪ್‌ಟಾಪ್‌ನಲ್ಲಿ ಆಡುತ್ತಿದ್ದ ಗೇಮ್‌ನಲ್ಲಿ, ಕಾಡಿನಲ್ಲಿ ಬಿಟ್ಟುಹೋದಂತೆ ನಿಂತಿದ್ದ ಕಾರಿನಿಂದ ತಿನ್ನುವ ಸಾಮಾನು ಎತ್ತಿಕೊಳ್ಳಬೇಕೋ ಬೇಡವೋ ಎಂಬ ಜಗಳ!

ಆ ಗೇಮ್ 'ದಿ ವಾಕಿಂಗ್ ಡೆಡ್'. ಅಮೆರಿಕದ ಟೆಲ್‌ಟೇಲ್ ಗೇಮ್ಸ್ 2012ರಲ್ಲಿ ಐದು ಕಂತುಗಳಲ್ಲಿ ಬಿಡುಗಡೆ ಮಾಡಿದ್ದು. ಸತ್ತವರು ಎದ್ದು ಬಂದು ಬದುಕಿದ್ದವರನ್ನು ಕಚ್ಚುವ ಕಾಲದ ಕಥೆ. ಆದರೆ ಇಲ್ಲಿ ಗುಂಡು ಹಾರಿಸುವುದಕ್ಕಿಂತ ಮಾತಿಗೆ ಉತ್ತರ ಕೊಡುವುದೇ ಹೆಚ್ಚು. ಪರದೆಯ ಮೇಲೆ ಕೆಲವು ಆಯ್ಕೆಗಳು ಬರುತ್ತವೆ, ಕೆಲವೇ ಸೆಕೆಂಡುಗಳಲ್ಲಿ ಒಂದನ್ನು ಒತ್ತಬೇಕು. ಸುಮ್ಮನಿದ್ದರೆ ಅದೂ ಒಂದು ಉತ್ತರವೇ. ಕನ್ನಡದಲ್ಲಿ ಸಬ್‌ಟೈಟಲ್ ಇಲ್ಲ. ಹಾಗಾಗಿ ಆ ಕೋಣೆಯಲ್ಲಿ ಒಬ್ಬ ಗಡಿಬಿಡಿಯಲ್ಲಿ ಕಲಬುರಗಿ ಕನ್ನಡಕ್ಕೆ ಅನುವಾದಿಸುತ್ತಾನೆ, ಇನ್ನೊಬ್ಬ ಒತ್ತುತ್ತಾನೆ, ಉಳಿದಿಬ್ಬರು ಬೈಯುತ್ತಾರೆ.

(ಗಮನಿಸಿ: ಮುಂದೆ ಕಥೆಯ ಮುಖ್ಯ ತಿರುವುಗಳಿವೆ.)

ಒಳ್ಳೆಯದು, ಕೆಟ್ಟದ್ದು ಎಂಬ ಬಟನ್ ಇಲ್ಲ

ಆಟಗಾರನ ಪಾತ್ರ ಲೀ ಎವರೆಟ್. ಇತಿಹಾಸದ ಪ್ರಾಧ್ಯಾಪಕನಾಗಿದ್ದವ. ಹೆಂಡತಿಯೊಂದಿಗೆ ಸಂಬಂಧವಿದ್ದ ಸೆನೆಟರ್ ಒಬ್ಬನನ್ನು ಕೊಂದ ತಪ್ಪಿಗೆ ಪೊಲೀಸ್ ಕಾರಿನಲ್ಲಿ ಜೈಲಿಗೆ ಹೊರಟಾಗ ಕಥೆ ಶುರು. ದಾರಿಯಲ್ಲಿ ಅವನಿಗೆ ಸಿಗುವವಳು ಎಂಟು ವರ್ಷದ ಹುಡುಗಿ ಕ್ಲೆಮೆಂಟೈನ್. ಅಪ್ಪ, ಅಮ್ಮ ಊರಲ್ಲಿಲ್ಲದ ಹೊತ್ತಿನಲ್ಲಿ ಮರದ ಮೇಲಿನ ಪುಟ್ಟ ಮನೆಯಲ್ಲಿ ಅಡಗಿ ಕುಳಿತವಳು. ಆಮೇಲೆ ಜೊತೆಯಾಗುವವರು ಫ್ಲೋರಿಡಾದ ಮೀನುಗಾರ ಕೆನ್ನಿ, ಅವನ ಹೆಂಡತಿ ಕ್ಯಾಟ್ಯಾ, ಮಗ ಡಕ್. ಮತ್ತೊಂದೆಡೆ ಲಿಲಿ ಮತ್ತು ಹೃದ್ರೋಗಿಯಾದ ಅವಳ ಮುಂಗೋಪಿ ಅಪ್ಪ ಲ್ಯಾರಿ.

ಕೆನ್ನಿಗೆ ಮೊದಲು ತನ್ನ ಮನೆಯವರು, ಆಮೇಲೆ ಲೋಕ. ಲಿಲಿಗೆ ಗುಂಪಿನ ಶಿಸ್ತು, ಲೆಕ್ಕದ ಊಟ. ಕ್ಲೆಮೆಂಟೈನ್ ವಾದ ಮಾಡುವವಳಲ್ಲ, ನೋಡುವವಳು. ಲೀ ಮಾಡಿದ್ದನ್ನು ಅವಳು ಗಮನಿಸಿದಳು ಎಂದು ಪರದೆಯ ಮೂಲೆಯಲ್ಲಿ ಸಣ್ಣ ಸೂಚನೆ ಬರುತ್ತದೆ, ಅಷ್ಟೇ. ಮೂರು ಪಾತ್ರ, ಮೂರು ದಾರಿ. ನಮ್ಮವರಿಗೆ ಇದು ಹೊಸದೇನಲ್ಲ. ಧೃತರಾಷ್ಟ್ರನ ಒಂದು ಕಿವಿಯಲ್ಲಿ ವಿದುರ, ಇನ್ನೊಂದರಲ್ಲಿ ಮಗ. ಕುರುಕ್ಷೇತ್ರದಲ್ಲಿ ಅರ್ಜುನನಿಗೆ ಕೃಷ್ಣ ಸಾರಥಿಯಾದರೆ ಕರ್ಣನಿಗೆ ಸಿಕ್ಕಿದ್ದು ಶಲ್ಯ.

ಎರಡನೇ ಕಂತಿನಲ್ಲಿ ಲಿಲಿ ಬೇಸತ್ತು ಊಟ ಹಂಚುವ ಕೆಲಸವನ್ನು ಲೀ ಕೈಗೆ ಕೊಡುತ್ತಾಳೆ. ಇರುವುದು ನಾಲ್ಕೇ ತುಣುಕು, ಬಾಯಿಗಳು ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಮಕ್ಕಳಿಗೆ ಕೊಟ್ಟರೆ ದುಡಿಯುವವರು ಹಸಿದಿರುತ್ತಾರೆ. ಇದಕ್ಕೆ ಸರಿ ಉತ್ತರವೇ ಇಲ್ಲ. ಆಡಿದವರು ಮರೆಯದ ದೃಶ್ಯಗಳಲ್ಲಿ ಇದೂ ಒಂದು. ಒಂದೇ ಒಂದು ಹೆಣವೂ ಎದ್ದು ಬರುವುದಿಲ್ಲ, ಆದರೂ ಕೈ ನಡುಗುತ್ತದೆ.

ಅದೇ ಕಂತಿನ ಕೊನೆಯ ಹೊತ್ತಿಗೆ ನರಭಕ್ಷಕ ಕುಟುಂಬವೊಂದು ಇವರನ್ನು ಮಾಂಸದ ಕೋಣೆಯಲ್ಲಿ ಕೂಡಿಹಾಕುತ್ತದೆ. ಲ್ಯಾರಿ ಎದೆ ಹಿಡಿದು ಬೀಳುತ್ತಾನೆ. ಈ ಲೋಕದಲ್ಲಿ ಯಾರು ಹೇಗೆ ಸತ್ತರೂ ಎದ್ದು ಬಂದು ಕಚ್ಚುತ್ತಾರೆ, ಆದ್ದರಿಂದ ಈಗಲೇ ತಲೆ ಜಜ್ಜಬೇಕು ಅನ್ನುತ್ತಾನೆ ಕೆನ್ನಿ. ಲಿಲಿ ಅಪ್ಪನ ಎದೆ ಒತ್ತುತ್ತಾ ನೆರವಾಗು ಎಂದು ಅಂಗಲಾಚುತ್ತಾಳೆ. ನೀವು ಯಾರ ಪಕ್ಕ ಸೇರಿದರೂ ಲ್ಯಾರಿ ಉಳಿಯುವುದಿಲ್ಲ, ಕೆನ್ನಿ ಉಪ್ಪಿನ ದಪ್ಪ ಗಟ್ಟಿಯನ್ನು ಅವನ ತಲೆಯ ಮೇಲೆ ಹಾಕುತ್ತಾನೆ. ಲ್ಯಾರಿ ಬದುಕುತ್ತಿದ್ದನೋ ಇಲ್ಲವೋ ಎಂಬುದನ್ನು ಗೇಮ್ ಹೇಳುವುದೇ ಇಲ್ಲ. ಹಾಗಾದರೆ ಆಯ್ಕೆ ಮಾಡಿ ಏನು ಬಂತು? ಇದು ಈ ಗೇಮ್ ಮೇಲಿರುವ ಹಳೆಯ ಆಕ್ಷೇಪ. ಬದಲಾಗುವುದು ಸಾವು ಅಲ್ಲ, ಸಂಬಂಧ. ಅಂದು ಪಕ್ಕ ನಿಲ್ಲಲಿಲ್ಲ ಎಂಬುದನ್ನು ಕೆನ್ನಿ ಮರೆಯುವುದಿಲ್ಲ. ನಾಲ್ಕನೇ ಕಂತಿನ ಕೊನೆಯಲ್ಲಿ ಲೀಗೆ ಜೊತೆ ಬೇಕಾದಾಗ ಹಳೆಯ ಲೆಕ್ಕವೆಲ್ಲ ಹೊರಬರುತ್ತದೆ.

ಮೂರನೇ ಕಂತಿನಲ್ಲಿ ತಿರುಗುವ ಚಕ್ರ

ಇಲ್ಲಿಯವರೆಗೆ ಕೆನ್ನಿ ಎಂದರೆ 'ಕಠಿಣ ದಾರಿ' ಎಂದು ಹಣೆಪಟ್ಟಿ ಹಚ್ಚಬಹುದು. ಮೂರನೇ ಕಂತಿನಲ್ಲಿ ಅವನ ಮಗ ಡಕ್‌ಗೇ ಕಚ್ಚು ಬೀಳುತ್ತದೆ. ಇನ್ನೊಬ್ಬರ ಅಪ್ಪನ ವಿಷಯದಲ್ಲಿ ಕ್ಷಣವೂ ಕಾಯದಿದ್ದ ಮನುಷ್ಯ ಈಗ ಏನೂ ಆಗಿಲ್ಲ ಎಂದು ರೈಲು ಓಡಿಸುತ್ತಾ ಕೂರುತ್ತಾನೆ. ರೈಲು ನಿಲ್ಲಿಸುವಂತೆ ಅವನನ್ನು ಒಪ್ಪಿಸಬೇಕಾದದ್ದು ಲೀ, ಅಂದರೆ ನೀವು. ಬೈದು ಒಪ್ಪಿಸಬಹುದು, ಸಮಾಧಾನವಾಗಿಯೂ ಒಪ್ಪಿಸಬಹುದು. ಕೊನೆಗೆ ಆ ಹುಡುಗನಿಗೆ ಗುಂಡು ಹಾರಿಸುವವರು ಯಾರು ಎಂಬ ಪ್ರಶ್ನೆಯೂ ನಿಮ್ಮ ಮುಂದೆಯೇ ಬರುತ್ತದೆ.

ಲಿಲಿಯದ್ದೂ ಹಾಗೆಯೇ. ಶಿಸ್ತಿನ ಹೆಸರಿನಲ್ಲಿ ಗುಂಪನ್ನು ಕಾಯುತ್ತಿದ್ದವಳು ಅಪ್ಪ ಸತ್ತ ಮೇಲೆ ಎಲ್ಲರನ್ನೂ ಅನುಮಾನಿಸತೊಡಗಿ, ರಸ್ತೆ ಬದಿಯಲ್ಲಿ ಜೊತೆಗಾರರೊಬ್ಬರನ್ನೇ ಗುಂಡಿಕ್ಕಿ ಕೊಲ್ಲುತ್ತಾಳೆ. ಸತ್ತವರು ತಪ್ಪು ಮಾಡಿರಲಿಲ್ಲ. ಅವಳನ್ನು ಅಲ್ಲೇ ಬಿಟ್ಟು ಹೋಗಬೇಕೇ, ಕರೆದುಕೊಂಡು ಹೋಗಬೇಕೇ? ಕರೆದುಕೊಂಡರೆ ಗಾಡಿಯನ್ನೇ ಕದ್ದು ಪರಾರಿಯಾಗುತ್ತಾಳೆ. ದಯೆ ತೋರಿದ್ದಕ್ಕೆ ಬಹುಮಾನ ಕೊಡುವ ಗೇಮ್ ಇದಲ್ಲ.

ನನ್ನ ಪ್ರಕಾರ ಈ ಗೇಮ್ ಗೆಲ್ಲುವುದು ಇಲ್ಲಿಯೇ. ಪಾತ್ರಗಳು ದಾರಿ ತೋರಿಸುವ ಫಲಕವಾಗಿ ಬರುತ್ತವೆ, ಆಮೇಲೆ ಆ ದಾರಿಯಲ್ಲಿ ತಾವೇ ನಡೆಯಲಾಗದೆ ಕುಸಿಯುತ್ತವೆ.

ಫಲಕವಾಗಿಯೇ ಉಳಿದವರು

ಹೋಲಿಕೆಗೆ ಕ್ವಾಂಟಿಕ್ ಡ್ರೀಮ್ ಸಂಸ್ಥೆಯ 'ಡೆಟ್ರಾಯಿಟ್: ಬಿಕಮ್ ಹ್ಯೂಮನ್' (2018) ನೋಡಿ. ಮನುಷ್ಯರ ವಿರುದ್ಧ ಏಳುವ ಆಂಡ್ರಾಯ್ಡ್‌ಗಳ ನಾಯಕ ಮಾರ್ಕಸ್. ಬಲಪ್ರಯೋಗವೇ ಸರಿ ಎನ್ನುವ ನಾರ್ತ್, ಶಾಂತಿಯೇ ಸರಿ ಎನ್ನುವ ಜಾಶ್ ಅವನ ಎಡಬಲದಲ್ಲಿದ್ದಾರೆ. ನೀವು ಒತ್ತಿದ ಆಯ್ಕೆಗೆ ತಕ್ಕಂತೆ ಸಂಬಂಧ ಏರಿತೋ ಇಳಿಯಿತೋ ಎಂದು ಪರದೆಯ ಮೇಲೆ ಬಾಣದ ಗುರುತು ಬರುತ್ತದೆ. ನೋಡಲು ಅದ್ಭುತ. ಆದರೆ ಈ ಇಬ್ಬರೂ ಕೊನೆಯವರೆಗೆ ತಮ್ಮ ಫಲಕ ಹಿಡಿದೇ ನಿಂತಿರುತ್ತಾರೆ. ಅದೇ ಗೇಮ್‌ನಲ್ಲಿ ಮಗನನ್ನು ಕಳೆದುಕೊಂಡು ಕುಡಿತಕ್ಕೆ ಬಿದ್ದ ಪೊಲೀಸ್ ಅಧಿಕಾರಿ ಹ್ಯಾಂಕ್ ಹಾಗಲ್ಲ. ತನಿಖೆಗೆ ಬಂದ ಯಂತ್ರ ಕಾನರ್‌ನಲ್ಲಿ ಕರುಣೆ ಹುಟ್ಟುತ್ತದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಅವನ ಮುಖದಲ್ಲೇ.

ಭಾರತದಲ್ಲೂ ಈ ಬಗೆಯ ಪ್ರಯತ್ನವಾಗಿದೆ. ಕೋಲ್ಕತಾದ ಛಾಯಾಗ್ರಾಹಕಿ ಲೀನಾ ಕೇಜ್ರಿವಾಲ್ ಅವರ ಯೋಜನೆಯಡಿ 2016ರಲ್ಲಿ ಬಂದ 'ಮಿಸ್ಸಿಂಗ್' ಗೇಮ್‌ನಲ್ಲಿ ನೀವು ವೇಶ್ಯಾಗೃಹಕ್ಕೆ ಮಾರಾಟವಾದ ಹುಡುಗಿ. ಅಲ್ಲಿ ಯಾರಿಗೆ ಏನು ಉತ್ತರ ಕೊಡಬೇಕು ಎಂಬುದೇ ಆಟ.

ಚಾಕಣದ ಹತ್ತಿರವೇ ಇಂದ್ರಾಯಣಿ ದಡದಲ್ಲಿ ಆಳಂದಿ ಇದೆ. ಅಲ್ಲಿ ಸಮಾಧಿಯಾದ ಸಂತ ಜ್ಞಾನೇಶ್ವರರ ಹೆಸರಿಗೆ ಮಹಾರಾಷ್ಟ್ರದ ಪರಂಪರೆ ಒಂದು ಆಟವನ್ನೂ ಕಟ್ಟುತ್ತದೆ. ಅದು ಮೋಕ್ಷಪಟ, ನಮ್ಮ ಹಾವು ಏಣಿಯ ಹಿರಿಯ. ಏಣಿಗೆ ಸದ್ಗುಣದ ಹೆಸರು, ಹಾವಿಗೆ ದುರ್ಗುಣದ ಹೆಸರು. ಆದರೆ ಕಾಯಿ ನಡೆಸುವುದು ದಾಳ. ಹಾವು ನುಂಗಿದರೆ ಅದು ನಿಮ್ಮ ತಪ್ಪಲ್ಲ!

18+ ಅಂದ್ರೆ ಏನು?

ವಯಸ್ಕರ ಗೇಮ್ ಎಂದ ಕೂಡಲೇ ಪೋಷಕರ ಮನಸ್ಸು ಅಶ್ಲೀಲತೆಯತ್ತ ಹೋಗುತ್ತದೆ. ವಾಕಿಂಗ್ ಡೆಡ್‌ಗೆ ಯುರೋಪಿನ ಪೆಗಿ ವ್ಯವಸ್ಥೆ ಕೊಟ್ಟಿರುವುದು 18, ಅಮೆರಿಕದ ಇಎಸ್‌ಆರ್‌ಬಿ ಕೊಟ್ಟಿರುವುದು 'ಎಂ', ಅಂದರೆ 17 ದಾಟಿದವರಿಗೆ. ಮುಖ್ಯ ಕಾರಣ ರಕ್ತಪಾತ ಮತ್ತು ಬೈಗುಳ. ಆದರೆ ಮಗುವನ್ನು ಕೊಲ್ಲುವ ಕೈ ಯಾರದ್ದಾಗಬೇಕು ಎಂಬ ಪ್ರಶ್ನೆಯನ್ನು ಹದಿಮೂರರ ಹುಡುಗನ ಮುಂದಿಡಬೇಕೇ ಎಂದು ಯೋಚಿಸಿದರೆ ಆ ಅಂಕಿಗೆ ಬೇರೆಯೇ ಅರ್ಥ ಬರುತ್ತದೆ.

ಪ್ರತಿ ಕಂತಿನ ಕೊನೆಗೆ, ನಿಮ್ಮಂತೆಯೇ ಆಯ್ದವರು ಶೇಕಡಾ ಎಷ್ಟು ಎಂದು ಗೇಮ್ ತೋರಿಸುತ್ತದೆ. ಹೆಚ್ಚು ಜನ ಇರುವ ಕಡೆ ನಾವಿದ್ದರೆ ಸಮಾಧಾನ. ಅದು ಸರಿಯಾದ ಸಮಾಧಾನವೋ ಗೊತ್ತಿಲ್ಲ.

ಆ ಕಾರಿನ ವಿಷಯಕ್ಕೆ ಬರೋಣ. ನೀವು ಬೇಡ ಎಂದರೂ ಕೆನ್ನಿ ಮತ್ತಿತರರು ಸಾಮಾನು ಎತ್ತಿಕೊಳ್ಳುತ್ತಾರೆ. ಆದರೆ ಇದು ಯಾರದ್ದೋ ಆಗಿದ್ದರೆ ಎಂದು ಕ್ಲೆಮೆಂಟೈನ್ ಹಿಂಜರಿಯುತ್ತಾಳೆ. ಐದನೇ ಕಂತಿನಲ್ಲಿ ಆ ಕಾರಿನ ಮಾಲೀಕ ಲೀಗೆ ಎದುರಾಗುತ್ತಾನೆ. ಹೆಂಡತಿ, ಮಕ್ಕಳನ್ನು ಕಳೆದುಕೊಂಡಿದ್ದಾನೆ. ಲೀ ಮಾಡಿದ್ದನ್ನೆಲ್ಲ ಒಂದೊಂದಾಗಿ ಎತ್ತಿ ಕೇಳುತ್ತಾನೆ.

ಚಾಕಣದ ಕೋಣೆಯವರು ಇನ್ನೂ ಅಲ್ಲಿಗೆ ತಲುಪಿಲ್ಲ. ಸಾಮಾನು ಎತ್ತಿಕೊಂಡಾಗಿದೆ. ನಾನೇನೂ ಹೇಳಲಿಲ್ಲ.