ಸ್ಪ್ರಿಂಗಿಗೆ ಕಡಿವಾಣ

ಕಂಪನಿ ಹಾಕಿಕೊಟ್ಟ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಅಂಗಡಿಯಿಂದ ತಂದ ಬೇರೆಯದನ್ನು ಕಾರಿಗೆ ತೊಡಿಸುವುದು ಇತ್ತೀಚಿನ ಹುಡುಗರ ಹುಚ್ಚು ಎಂದೇ ಬಹಳ ಮಂದಿ ತಿಳಿದಿದ್ದಾರೆ. ವಾಸ್ತವವಾಗಿ ಈ ಹುಚ್ಚಿಗೂ ಮೋಟಾರು ಕಾರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಂದು ಪ್ರತಿಯೊಂದು ಕಾರಿನಲ್ಲೂ ಇರುವ ಶಾಕ್ ಅಬ್ಸಾರ್ಬರ್ ಜನರಿಗೆ ಪರಿಚಯವಾದದ್ದೇ ಮಾಲೀಕರು ಪ್ರತ್ಯೇಕವಾಗಿ ಕೊಂಡು ಹಾಕಿಸಿಕೊಳ್ಳುತ್ತಿದ್ದ ಬಿಡಿಭಾಗವಾಗಿ.

ಮೊದಲ ಕಾರುಗಳು ತಮ್ಮ ಕಮಾನು ಪಟ್ಟಿಗಳನ್ನು ಕುದುರೆಗಾಡಿಯಿಂದ ಎರವಲು ಪಡೆದಿದ್ದವು. ಕುದುರೆಯ ವೇಗಕ್ಕೆ ಅವು ಸಾಕಾಗಿದ್ದವು. ಪಟ್ಟಿಗಳು ಒಂದಕ್ಕೊಂದು ಉಜ್ಜಿ ಕುಲುಕಾಟವನ್ನು ತಾವೇ ತಣಿಸುತ್ತಿದ್ದವು. ಗಾಡಿ ಗಂಟೆಗೆ 60, 70 ಕಿಲೋಮೀಟರ್ ಓಡತೊಡಗಿದಾಗ ತೊಂದರೆ ಶುರುವಾಯಿತು. ಸ್ಪ್ರಿಂಗ್ ತಾನು ತಿಂದ ಏಟನ್ನು ಜೀರ್ಣಿಸಿಕೊಳ್ಳುವುದಿಲ್ಲ, ಹಿಂದಿರುಗಿಸುತ್ತದೆ. ಒಂದು ಗುಂಡಿಯ ಲೆಕ್ಕ ತೀರುವ ಮೊದಲೇ ಇನ್ನೊಂದು ಗುಂಡಿ ಬಂದರೆ ಕುಣಿತ ಕೂಡುತ್ತಾ ಹೋಗಿ ಚಕ್ರ ನೆಲ ಬಿಡುತ್ತದೆ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಹಾಗೆ ನೋಡಿದರೆ ಶಾಕ್ ಅಬ್ಸಾರ್ಬರ್ ಎಂಬ ಹೆಸರೇ ತಪ್ಪು. ಏಟನ್ನು ನುಂಗುವುದು ಸ್ಪ್ರಿಂಗು. ಆ ಸ್ಪ್ರಿಂಗಿನ ಕುಣಿತಕ್ಕೆ ಕಡಿವಾಣ ಹಾಕುವುದು ಈ ಸಾಧನ. ಬ್ರಿಟಿಷರು ಇದನ್ನು ಡ್ಯಾಂಪರ್ ಎಂದು ಕರೆದದ್ದು ಹೆಚ್ಚು ಸರಿ.

ಈ ಕಡಿವಾಣವನ್ನು ಮೊದಲು ಯೋಚಿಸಿದವರಲ್ಲಿ ಫ್ರಾನ್ಸಿನ ಜೂಲ್ ತ್ರೂಫೋ ಮುಖ್ಯ. ಕತ್ತರಿಯಂತೆ ಜೋಡಿಸಿದ ಎರಡು ತೋಳುಗಳು, ಅವುಗಳ ನಡುವೆ ಒಂದಕ್ಕೊಂದು ಉಜ್ಜುವ ಬಿಲ್ಲೆಗಳು, ಬಿಗಿ ಹೆಚ್ಚುಕಡಿಮೆ ಮಾಡಲು ಒಂದು ನಟ್ಟು: ಇಷ್ಟೇ ಅವನ ಸಾಧನ. ಅಮೆರಿಕದ ಎಡ್ವರ್ಡ್ ಹಾರ್ಟ್‌ಫರ್ಡ್ ಅದರ ಹಕ್ಕು ಪಡೆದು, 20ನೇ ಶತಮಾನದ ಮೊದಲ ದಶಕದಲ್ಲಿ ತ್ರೂಫೋ–ಹಾರ್ಟ್‌ಫರ್ಡ್ ಹೆಸರಿನಲ್ಲಿ ಕಾರು ಮಾಲೀಕರಿಗೆ ಮಾರಿದ. ಕ್ಲೀವ್‌ಲ್ಯಾಂಡಿನಲ್ಲಿ ಕಾರಿನ ಹಾರನ್ ತಯಾರಿಸುತ್ತಿದ್ದ ಕ್ಲಾಡ್ ಫಾಸ್ಟರ್ ಎಂಬಾತ ಪಟ್ಟಿ ಸುತ್ತಿದ ‘ಗೇಬ್ರಿಯಲ್ ಸ್ನಬರ್’ ತಂದ. ಆ ಗೇಬ್ರಿಯಲ್ ಹೆಸರು 1961ರಲ್ಲಿ ಭಾರತಕ್ಕೂ ಬಂತು. ಬೆಂಗಳೂರಿನ ನೆರೆಯ ಹೊಸೂರಿನಲ್ಲೂ ಅದರ ಕಾರ್ಖಾನೆ ಇದೆ.

ಬಿಡಿಭಾಗದ ವ್ಯಾಪಾರಿಗಳಿಗೆ ನಿಜವಾದ ಸುಗ್ಗಿ ತಂದುಕೊಟ್ಟವನು ಹೆನ್ರಿ ಫೋರ್ಡ್, ಅದೂ ಏನನ್ನೂ ಕೊಡದೆ. 1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ತಯಾರಾದ ಅವನ ಮಾಡೆಲ್ ಟಿ ಕಾರಿಗೆ ಶಾಕ್ ಅಬ್ಸಾರ್ಬರೇ ಇರಲಿಲ್ಲ. ಇಂಡಿಯಾನಾಪೊಲಿಸ್‌ನ ಹ್ಯಾಸ್ಲರ್ ಕಂಪನಿ ಈ ಕೊರತೆಯ ಮೇಲೆಯೇ ಬೆಳೆಯಿತು. ತಮಾಷೆಯೆಂದರೆ, ಶಾಕ್ ಅಬ್ಸಾರ್ಬರ್ ಎಂದು ಅದು ಮಾರುತ್ತಿದ್ದುದು ಕೇವಲ ಹೆಚ್ಚುವರಿ ಸುರುಳಿ ಸ್ಪ್ರಿಂಗುಗಳನ್ನು. ಹೆಸರಿಗೂ ಸರಕಿಗೂ ಸಂಬಂಧವಿಲ್ಲದ ವ್ಯಾಪಾರ ಈ ಕ್ಷೇತ್ರದಲ್ಲಿ ಅಂದೇ ಇತ್ತು.

ಘರ್ಷಣೆಯ ಬಿಲ್ಲೆಗಳಿಗೂ ಒಂದು ದೋಷವಿತ್ತು. ಅವು ಸಣ್ಣ ಕಲ್ಲಿಗೂ ದೊಡ್ಡ ಗುಂಡಿಗೂ ಒಂದೇ ಬಿಗಿ ತೋರಿಸುತ್ತವೆ. ಹೀಗಾಗಿ ನುಣುಪು ರಸ್ತೆಯಲ್ಲಿ ಗಡಸು, ಹಾಳು ರಸ್ತೆಯಲ್ಲಿ ಸಡಿಲ. ಸಣ್ಣ ರಂಧ್ರದಿಂದ ಎಣ್ಣೆಯನ್ನು ತಳ್ಳಿದರೆ ಮಾತ್ರ ವೇಗ ಹೆಚ್ಚಿದಂತೆ ಪ್ರತಿರೋಧವೂ ಹೆಚ್ಚುತ್ತದೆ. ಫ್ರಾನ್ಸಿನ ಮೋರಿಸ್ ಊದಾಯ್ ಈ ತತ್ವದ ಸಾಧನ ರೂಪಿಸಿದ. 1927ರ ಡಿಸೆಂಬರಿನಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಎ ಬಂದಾಗ ಊದಾಯ್ ಡ್ಯಾಂಪರುಗಳು ಕಾರ್ಖಾನೆಯಿಂದಲೇ ಕೂತು ಬಂದವು. ಅಂಗಡಿಯ ವಸ್ತು ಕಾರಿನ ಅಂಗವಾಯಿತು.

ಸ್ಪ್ರಿಂಗುಗಳ ವಿಷಯದಲ್ಲಿ ತಿಳಿವು ಬಂದದ್ದು ಇನ್ನೂ ತಡವಾಗಿ. ರೋಲ್ಸ್‌ರಾಯ್ಸ್‌ನಲ್ಲಿ ಪಳಗಿದ ಇಂಗ್ಲಿಷ್ ಎಂಜಿನಿಯರ್ ಮೋರಿಸ್ ಆಲಿ 1930ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಸೇರಿದ. ಕಾರೊಂದರ ಮುಂದೂ ಹಿಂದೂ ಭಾರದ ತುಂಡುಗಳನ್ನು ಜರುಗಿಸುತ್ತಾ, ಸ್ಪ್ರಿಂಗ್ ಬದಲಿಸುತ್ತಾ, ಯಾವ ಹೊಂದಾಣಿಕೆಯಲ್ಲಿ ಸವಾರಿ ಸಮತಟ್ಟಾಗಿರುತ್ತದೆ ಎಂದು ಪರೀಕ್ಷಿಸಿದ. ಆಗಿನ ರೂಢಿಯಲ್ಲಿ ಮುಂದಿನ ಸ್ಪ್ರಿಂಗು ಗಡಸು, ಹಿಂದಿನದು ಮೆತು. ಆಲಿ ಕಂಡುಕೊಂಡದ್ದು ಇದಕ್ಕೆ ನೇರ ವಿರುದ್ಧ. ದಿಬ್ಬವನ್ನು ಮೊದಲು ಹತ್ತುವುದು ಮುಂದಿನ ಚಕ್ರ. ಹಿಂದಿನದು ಕ್ಷಣ ತಡವಾಗಿ ಹತ್ತಿದರೂ ಅದರ ತೂಗಾಟ ತುಸು ಚುರುಕಾಗಿದ್ದರೆ ಮುಂದಿನದನ್ನು ಹಿಡಿದುಬಿಡುತ್ತದೆ. ಎರಡೂ ಒಟ್ಟಿಗೆ ಏರಿ ಇಳಿಯುತ್ತವೆ. ಇಲ್ಲವಾದರೆ ಕಾರು ಏತದಂತೆ ಮುಂದೆ ಹಿಂದೆ ತಲೆದೂಗುತ್ತದೆ. ಮುಂದಿನ ಸ್ಪ್ರಿಂಗನ್ನು ಮೆತುಗೊಳಿಸಲು ಮುಂದಿನ ಚಕ್ರಗಳು ಪ್ರತ್ಯೇಕವಾಗಿ ಚಲಿಸುವ ಸಸ್ಪೆನ್ಷನ್ ಬೇಕಾಯಿತು. 1934ರ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಅದು ಬಂತು. ಮುಂದಿನ ಎರಡು ಸ್ಪ್ರಿಂಗುಗಳನ್ನು ಮಾತ್ರ ಬದಲಿಸಿ ಹಣ ಉಳಿಸಿದೆನೆಂದು ಹಿಗ್ಗುವವರು ಕೆಡಿಸಿಕೊಳ್ಳುವುದು ಆಲಿ ಕೂಡಿಸಿದ ಈ ತಾಳವನ್ನೇ.

ಡ್ಯಾಂಪರುಗಳ ಕಡೆ ಯೂರೋಪು ಮುಂದಾಯಿತು. ಹಾಲೆಂಡಿನ ಡೆ ಕೋನಿಂಗ್ ಮನೆತನ 1857ರಿಂದ ಕುದುರೆಗಾಡಿಯ ಸಾಮಗ್ರಿ ಮಾಡುತ್ತಿತ್ತು. ಅದೇ ಸಂಸ್ಥೆ 1932ರಲ್ಲಿ ಶಾಕ್ ಅಬ್ಸಾರ್ಬರಿಗೆ ತಿರುಗಿ ‘ಕೋನಿ’ ಎಂದು ಹೆಸರಾಯಿತು. ಕಾರಿನಿಂದ ಕಳಚಿ, ಪೂರ್ತಿ ಒತ್ತಿ ಹಿಡಿದು ತಿರುಗಿಸಿದರೆ ಕೋನಿಯ ಬಿಗಿ ಬದಲಾಗುತ್ತಿತ್ತು, ಸವೆದಾಗ ಎಸೆಯಬೇಕಾಗಿರಲಿಲ್ಲ. ಫ್ರಾನ್ಸಿನ ಬೂರ್ಸಿಯೆ ದ ಕಾರ್ಬೋನ್, ಬಿಸಿಯಾದ ಎಣ್ಣೆ ನೊರೆಗಟ್ಟಿ ಡ್ಯಾಂಪರ್ ಸೋಲುವುದನ್ನು ತಡೆಯಲು ಒಂದೇ ಕೊಳವೆಯಲ್ಲಿ ಎಣ್ಣೆಯನ್ನೂ ಒತ್ತಡದ ಅನಿಲವನ್ನೂ ತುಂಬಿದ. ಈ ವಿದ್ಯೆಯನ್ನು 1950ರ ದಶಕದಲ್ಲಿ ಜರ್ಮನಿಯ ಬಿಲ್‌ಸ್ಟೈನ್ ಪಡೆದುಕೊಂಡಿತು.

ಬಿಗಿಯಾದಷ್ಟೂ ಕಾರು ಚುರುಕು ಎಂಬ ನಂಬಿಕೆ ಬಂದದ್ದು ರೇಸ್ ಮೈದಾನದಿಂದ. ಅಲ್ಲಿಯ ನೆಲ ನುಣುಪು, ಟೈರು ಅಂಟು. ಬೀದಿಯ ಮಟ್ಟಿಗೆ ಇದಕ್ಕೆ ಒಳ್ಳೆಯ ಉತ್ತರವೆಂದರೆ 1962ರ ಲೋಟಸ್ ಎಲಾನ್. ರೇಸ್ ಕಾರುಗಳ ನಿರ್ಮಾಪಕ ಕಾಲಿನ್ ಚಾಪ್‌ಮನ್ ತನ್ನ 700 ಕಿಲೋಗಿಂತ ಹಗುರವಾದ ಈ ಬೀದಿ ಕಾರಿಗೆ ಹಾಕಿದ್ದು ಮೆತು ಸ್ಪ್ರಿಂಗು; ಜೊತೆಗೆ ಅದನ್ನು ಅಂಕೆಯಲ್ಲಿಡುವ ಡ್ಯಾಂಪರು. ತಿರುವುಗಳಲ್ಲಿ ಅದು ವಾಲುತ್ತಿತ್ತು, ಆದರೆ ಚಕ್ರ ನೆಲ ಬಿಡುತ್ತಿರಲಿಲ್ಲ. ಇಂದಿಗೂ ಎಂಜಿನಿಯರುಗಳು ಅದನ್ನು ಹೊಗಳುವುದು ಬಿಟ್ಟಿಲ್ಲ.

ಕಾರನ್ನು ನೆಲಕ್ಕೆ ತಗ್ಗಿಸುವ ಇಂದಿನ ಖಯಾಲಿಗೆ ಇದು ಹಿತವಾದ ಮಾತಲ್ಲ. ಫೋರ್ಡ್ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ, 1950ರ ಲಂಡನ್ ಪ್ರದರ್ಶನದಲ್ಲಿ ಬ್ರಿಟಿಷ್ ಫೋರ್ಡ್ ಕಾರುಗಳು ಧರಿಸಿ ಬಂದ ಸ್ಟ್ರಟ್, ಈಗ ಹೆಚ್ಚಿನ ಕಾರುಗಳ ಮುಂಭಾಗದಲ್ಲಿದೆ. ಅದನ್ನು ಅತಿಯಾಗಿ ತಗ್ಗಿಸಿದರೆ ಕೆಳಗಿನ ತೋಳು ಮೇಲ್ಮುಖವಾಗಿ ವಾಲುತ್ತದೆ. ಕಾರು ಯಾವ ಬಿಂದುವಿನ ಸುತ್ತ ಹೊರಳುತ್ತದೋ ಆ ಬಿಂದು ಕಾರಿನ ಮೈಗಿಂತ ಹೆಚ್ಚು ಕೆಳಗಿಳಿಯುತ್ತದೆ. ಹೊರಳುವ ಸೆಳೆತ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಅದನ್ನು ತಡೆಯಲು ಮತ್ತೂ ಗಡಸು ಸ್ಪ್ರಿಂಗು ಬೇಕು. ಸುರುಳಿ ಕತ್ತರಿಸುವ ಗ್ಯಾರೇಜುಗಳಲ್ಲಂತೂ ಸ್ಪ್ರಿಂಗು ಗಡಸಾಗುತ್ತದೆ, ಹಳೆಯ ಡ್ಯಾಂಪರು ಹಾಗೇ ಉಳಿಯುತ್ತದೆ. 1900ರ ಕಾರಿನ ಕುಣಿತ ಮರಳಿ ಬರುತ್ತದೆ.

ಆದ್ದರಿಂದಲೇ ಬಲ್ಲವರು ಮೊದಲು ಟೈರು ನೋಡುತ್ತಾರೆ, ಆಮೇಲೆ ಸವೆದ ರಬ್ಬರ್ ಬುಶ್ಶುಗಳನ್ನು. ಮೂರನೆಯದು ಮೂಲ ಸ್ಪ್ರಿಂಗಿಗೇ ಹೊಂದುವ ಒಳ್ಳೆಯ ಡ್ಯಾಂಪರು. ಬೀದಿಯ ಕಾರು ಇಷ್ಟಕ್ಕೇ ಎಷ್ಟೋ ಸುಧಾರಿಸುತ್ತದೆ. ಸ್ಪ್ರಿಂಗನ್ನೂ ಬದಲಿಸಲೇಬೇಕೆಂದರೆ ನಾಲ್ಕನ್ನೂ, ಅವುಗಳಿಗಾಗಿಯೇ ಮಾಡಿದ ಡ್ಯಾಂಪರಿನೊಂದಿಗೆ ಬದಲಿಸಬೇಕು. ಮೂಲ ಎತ್ತರಕ್ಕೆ ಒಂದು, ತಗ್ಗಿಸಿದ ಕಾರಿಗೆ ಗಿಡ್ಡದೊಂದು ಎಂದು ಬಿಲ್‌ಸ್ಟೈನ್ ಎರಡು ಬಗೆ ಮಾಡುವುದು ಸುಮ್ಮನೆ ಅಲ್ಲ.

ಜರ್ಮನಿಯಲ್ಲಿ ಇಂಥ ಬದಲಾವಣೆಗೆ ತಾಂತ್ರಿಕ ಪರಿಶೀಲನೆಯ ಮುದ್ರೆ ಸಿಗುವ ವ್ಯವಸ್ಥೆ ಇದೆ. ನಮ್ಮಲ್ಲಿ ಮೋಟಾರು ವಾಹನ ಕಾಯಿದೆಯ 52ನೇ ವಿಧಿ ಇದೆ. ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಹೊಂದದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಇದರ ಮೇಲೆ ರಸ್ತೆಯುಬ್ಬುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟುವಂತಿರಬೇಕು. ಊರವರು ರಾತ್ರೋರಾತ್ರಿ ಹಾಕಿಸಿದ ಉಬ್ಬುಗಳಿಗೆ ಪುಸ್ತಕದ ಗೊಡವೆಯಿಲ್ಲ. ನಾಲ್ಕು ಸೆಂಟಿಮೀಟರ್ ತಗ್ಗಿಸಿದ ಕಾರುಗಳು ಅವುಗಳ ಮೇಲೆ ಓರೆಯಾಗಿ, ಒಂದೊಂದೇ ಚಕ್ರ ಇಳಿಸುತ್ತಾ ದಾಟುತ್ತವೆ. ಹಿಂದಿದ್ದ ಲಾರಿ ಹಾರನ್ ಬಾರಿಸುತ್ತಾ ಕಾಯುತ್ತದೆ.