ಹೆಸರಿಲ್ಲದ ಮುಖಗಳು: ಅಮೆರಿಕದ ಕಪ್ಪು ಜನರ ಕಾಲೇಜುಗಳ ಫೋಟೋ ಸಂಗ್ರಹ

ನೀವು ಕಲಿತ ಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಹಳೆಯ ಗುಂಪು ಚಿತ್ರವೊಂದು ತೂಗುತ್ತಿರಬಹುದು. ಮಧ್ಯದಲ್ಲಿ ಕುರ್ಚಿಯ ಮೇಲೆ ಅಧ್ಯಾಪಕರು, ಹಿಂದೆ ಬೆಂಚುಗಳ ಮೇಲೆ ನಿಂತ ಹುಡುಗರು. ಅವರಲ್ಲಿ ಎಷ್ಟು ಮಂದಿಯ ಹೆಸರನ್ನು ನೀವು ಹೇಳಬಲ್ಲಿರಿ? ಹೇಳಬಲ್ಲವರು ಈಗ ಯಾರಾದರೂ ಇದ್ದಾರೆಯೇ?

ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ವರ್ಜೀನಿಯಾ ರಾಜ್ಯದ ಹ್ಯಾಂಪ್ಟನ್ ಎಂಬ ವಿದ್ಯಾಸಂಸ್ಥೆಯತ್ತ ಬನ್ನಿ. 1899ರ ಕೊನೆಯಲ್ಲಿ ಫ್ರಾನ್ಸಿಸ್ ಬೆಂಜಮಿನ್ ಜಾನ್‌ಸ್ಟನ್ ಎಂಬ ಬಿಳಿಯ ಮಹಿಳಾ ಛಾಯಾಗ್ರಾಹಕಿ ಅಲ್ಲಿಗೆ ಬಂದರು. ಮರುವರ್ಷದ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ವಿದ್ಯಾರ್ಥಿಗಳ ಚಿತ್ರಗಳನ್ನು ತೆಗೆಯುವುದು ಅವರ ಕೆಲಸವಾಗಿತ್ತು. ಅವುಗಳಲ್ಲೊಂದು ಇಂದಿಗೂ ಪ್ರಸಿದ್ಧವಾಗಿದೆ. ಕೆಲವು ಕಪ್ಪು ಯುವಕರು ಮನೆಯೊಂದರ ಮರದ ಮೆಟ್ಟಿಲನ್ನು ಕಟ್ಟುತ್ತಿದ್ದಾರೆ. ಒಬ್ಬೊಬ್ಬರೂ ಒಂದೊಂದು ಎತ್ತರದಲ್ಲಿ, ತಮ್ಮ ಕೆಲಸದಲ್ಲೇ ಮಗ್ನರು. ಈ ಚಿತ್ರಗಳ ಆಲ್ಬಮ್ ಒಂದು ಹೇಗೋ ಕಾಲೇಜಿನ ಹೊರಗೆ ಸೇರಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಿಂಕನ್ ಕರ್ಸ್ಟೀನ್ ಎಂಬ ಕಲಾಪ್ರೇಮಿಯ ಕಣ್ಣಿಗೆ ಅದು ಬಿದ್ದದ್ದು ವಾಷಿಂಗ್ಟನ್ನಿನ ಪುಸ್ತಕದ ಅಂಗಡಿಯೊಂದರಲ್ಲಿ! 1966ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅದರ ಚಿತ್ರಗಳನ್ನು ಪ್ರದರ್ಶಿಸಿ ಪುಸ್ತಕವನ್ನೂ ಹೊರತಂದಿತು. ಚಿತ್ರ ತೆಗೆದವರ ಹೆಸರು ಗೊತ್ತು, ಆಲ್ಬಮ್ ಸಿಕ್ಕಿದವರ ಹೆಸರೂ ಗೊತ್ತು. ಮೆಟ್ಟಿಲು ಕಟ್ಟಿದವರ ಹೆಸರು ಮಾತ್ರ ಚಿತ್ರದ ಕೆಳಗಿಲ್ಲ.

ಈ ಕಾಲೇಜುಗಳ ಹಿನ್ನೆಲೆಯನ್ನು ಸ್ವಲ್ಪ ತಿಳಿಯುವುದು ಅಗತ್ಯ. ಗುಲಾಮಗಿರಿ ಇದ್ದ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದೇ ಅಪರಾಧವಾಗಿತ್ತು. 1865ರಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಕೂಡಲೇ ಬಿಡುಗಡೆ ಹೊಂದಿದ ಜನ ಮೊದಲು ಹುಡುಕಿದ್ದು ಶಾಲೆಯನ್ನು. 1866ರಲ್ಲಿ ಫಿಸ್ಕ್, 1867ರಲ್ಲಿ ಹೋವರ್ಡ್, 1868ರಲ್ಲಿ ಹ್ಯಾಂಪ್ಟನ್, 1881ರಲ್ಲಿ ಟಸ್ಕೆಗೀ ಹುಟ್ಟಿಕೊಂಡವು. ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ವೈದ್ಯರು, ವಕೀಲರು, ಶಿಕ್ಷಕರು ತಯಾರಾದದ್ದು ಇಲ್ಲಿಯೇ. ಇಂದಿಗೂ ಇಂಥ ಸುಮಾರು ನೂರು ಕಾಲೇಜುಗಳಿವೆ.

ಆ ಕಾಲದ ಪತ್ರಿಕೆಗಳಲ್ಲಿ, ಅಂಚೆ ಕಾರ್ಡುಗಳಲ್ಲಿ ಕಪ್ಪು ಮನುಷ್ಯನೆಂದರೆ ಒಂದು ವ್ಯಂಗ್ಯಚಿತ್ರ. ದಪ್ಪ ತುಟಿ, ಹರಕು ಬಟ್ಟೆ, ಪೆದ್ದು ನಗು. ಇದಕ್ಕೆ ಕ್ಯಾಮೆರಾದಿಂದಲೇ ಉತ್ತರ ಕೊಡಬಹುದೆಂದು ಕಂಡುಕೊಂಡವರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡಬ್ಲ್ಯು.ಇ.ಬಿ. ಡುಬಾಯ್ಸ್ ಮುಖ್ಯರು. 1900ರ ಅದೇ ಪ್ಯಾರಿಸ್ ಪ್ರದರ್ಶನಕ್ಕೆ ಅವರು ಜಾರ್ಜಿಯಾದ ಕಪ್ಪು ಜನರ ನೂರಾರು ಫೋಟೋಗಳನ್ನು ಆಲ್ಬಮ್‌ಗಳಲ್ಲಿ ಜೋಡಿಸಿ ಒಯ್ದರು. ಕೋಟು ತೊಟ್ಟ ಯುವಕರು, ಪುಸ್ತಕ ಹಿಡಿದ ಹುಡುಗಿಯರು, ಅಂಗಡಿಗಳು, ಮನೆಗಳು. ಯಾವ ಭಾಷಣವೂ ಬೇಕಿರಲಿಲ್ಲ, ನೋಡಿದರೆ ಸಾಕಿತ್ತು. ಆದರೆ ಆ ಆಲ್ಬಮ್‌ಗಳಲ್ಲೂ ಹೆಚ್ಚಿನವರಿಗೆ ಹೆಸರಿಲ್ಲ.

ಟಸ್ಕೆಗೀ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಛಾಯಾಗ್ರಹಣವನ್ನೇ ಒಂದು ವಿಭಾಗವನ್ನಾಗಿ ಮಾಡಿತು. ಸಿ.ಎಂ. ಬ್ಯಾಟಿ ಅದರ ಮುಖ್ಯಸ್ಥರಾಗಿದ್ದರು. ಅವರ ಶಿಷ್ಯ ಪಿ.ಎಚ್. ಪೋಕ್ 1920ರ ದಶಕದ ಕೊನೆಯಿಂದ ಸುಮಾರು ಅರ್ಧ ಶತಮಾನ ಅಲ್ಲಿಯೇ ದುಡಿದರು. ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರನ್ನು ಚಿತ್ರಿಸಿದ ಅದೇ ಗೌರವದಿಂದ ಪೋಕ್ ಸುತ್ತಲಿನ ಬಡ ರೈತರನ್ನೂ ಚಿತ್ರಿಸಿದರು. ಇತರ ಕಾಲೇಜುಗಳಲ್ಲೂ ಘಟಿಕೋತ್ಸವ, ಫುಟ್ಬಾಲ್ ತಂಡ, ಅತಿಥಿಗಳ ಭಾಷಣ ಎಂದು ವರ್ಷ ವರ್ಷವೂ ನೆಗೆಟಿವ್‌ಗಳು ಪೆಟ್ಟಿಗೆ ಸೇರಿದವು. ಮುಂದೆ ಇದು ಚರಿತ್ರೆಯಾಗುತ್ತದೆಂದು ಆಗ ಎಷ್ಟು ಮಂದಿ ಯೋಚಿಸಿದ್ದರೋ!

ಚಿತ್ರವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. 1970ರ ಮೇ 4ರಂದು ಕೆಂಟ್ ವಿಶ್ವವಿದ್ಯಾಲಯದಲ್ಲಿ ಸೈನಿಕರ ಗುಂಡಿಗೆ ನಾಲ್ವರು ಬಿಳಿಯ ವಿದ್ಯಾರ್ಥಿಗಳು ಬಲಿಯಾದರು. ಹಗಲಿನಲ್ಲಿ ನಡೆದ ಆ ಘಟನೆಯ ಫೋಟೋ ಪುಲಿಟ್ಜರ್ ಪ್ರಶಸ್ತಿ ಪಡೆದು ಜಗತ್ತಿಗೆಲ್ಲ ತಿಳಿಯಿತು. ಅದಕ್ಕಿಂತ ಎರಡು ವರ್ಷ ಮೊದಲೇ, 1968ರ ಫೆಬ್ರವರಿ 8ರ ರಾತ್ರಿ, ದಕ್ಷಿಣ ಕ್ಯಾರೊಲಿನಾದ ಆರೆಂಜ್‌ಬರ್ಗ್‌ನಲ್ಲಿ ಕಪ್ಪು ಜನರ ಕಾಲೇಜಿನ ಆವರಣದೊಳಗೆ ಪೊಲೀಸರು ಗುಂಡು ಹಾರಿಸಿದರು. ಮೂವರು ಯುವಕರು ಸತ್ತರು, 28 ಮಂದಿ ಗಾಯಗೊಂಡರು, ವಿಚಾರಣೆಗೊಳಗಾದ ಒಂಬತ್ತು ಪೊಲೀಸರೂ ಖುಲಾಸೆಯಾದರು. ಕತ್ತಲೆಯಲ್ಲಿ ನಡೆದ ಆ ಘಟನೆಯ ಚಿತ್ರಗಳು ತೀರಾ ಕಡಿಮೆ. ಅದನ್ನು ಅಮೆರಿಕನ್ನರೇ ಹೆಚ್ಚಾಗಿ ಅರಿಯರು. ಬಲಿಯಾದವರ ಮೈಬಣ್ಣವೂ ಇದಕ್ಕೆ ಕಾರಣ, ನಿಜ. ಆದರೆ ಚಿತ್ರದ ಕೊರತೆಯೂ ಸಣ್ಣ ಕಾರಣವಲ್ಲ.

ಇನ್ನು ಉಳಿದ ಚಿತ್ರಗಳ ಪಾಡನ್ನು ನೋಡೋಣ. ಫೋಟೋ ಕಾಗದಕ್ಕಿಂತಲೂ ನಾಜೂಕಾದ ವಸ್ತು. ಗಾಜಿನ ನೆಗೆಟಿವ್ ಕೈಜಾರಿದರೆ ಮುಗಿಯಿತು. ನಂತರ ಬಂದ ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುವಂಥದ್ದು, ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದು. ಅದಕ್ಕೆ ಬದಲಾಗಿ ತಂದ ಅಸಿಟೇಟ್ ಫಿಲ್ಮನ್ನು 'ಸುರಕ್ಷಿತ ಫಿಲ್ಮ್' ಎಂದೇ ಮಾರಿದರು. ಅದಕ್ಕೂ ಒಂದು ರೋಗವಿದೆ. ಸೆಕೆ ಮತ್ತು ತೇವದಲ್ಲಿ ಅದು ಒಳಗಿನಿಂದಲೇ ಕೊಳೆಯುತ್ತದೆ. ಪೆಟ್ಟಿಗೆ ತೆರೆದರೆ ವಿನೆಗರ್ ವಾಸನೆ. ಫಿಲ್ಮ್ ಕುಗ್ಗಿ, ಮೇಲಿನ ಚಿತ್ರದ ಪದರ ಸುಕ್ಕುಗಟ್ಟುತ್ತದೆ. ಹೊರಬಿದ್ದ ಆಮ್ಲದ ಆವಿ ಪಕ್ಕದ ಫಿಲ್ಮಿಗೂ ರೋಗ ಹರಡುತ್ತದೆ. ಸಣ್ಣ ಕಾಗದದ ಪಟ್ಟಿಯೊಂದನ್ನು ಪೆಟ್ಟಿಗೆಯೊಳಗಿಟ್ಟು, ಅದರ ನೀಲಿ ಬಣ್ಣ ಹಸಿರಾಗಿ ಹಳದಿಯಾಗುವುದನ್ನು ನೋಡಿ ರೋಗದ ಹಂತವನ್ನು ಅಳೆಯುತ್ತಾರೆ. ಕೊಳೆತದ್ದನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ತಂಪಾದ ಒಣ ಕೋಣೆಯಲ್ಲಿಟ್ಟರೆ ಕೊಳೆಯುವಿಕೆ ನಿಧಾನವಾಗುತ್ತದೆ, ಅಷ್ಟೆ. ಬಣ್ಣದ ಫೋಟೋಗಳಂತೂ ಕತ್ತಲೆಯಲ್ಲಿಟ್ಟರೂ ಮಾಸುತ್ತವೆ. ಅಂಟು ಹಾಳೆಯ ಆಲ್ಬಮ್ಮಿನಲ್ಲಿ ಹಾಕಿಟ್ಟ ಚಿತ್ರಗಳ ಗತಿ ನಿಮ್ಮ ಮನೆಯಲ್ಲೇ ಕಂಡಿರುತ್ತೀರಿ.

ಈ ಕಾಲೇಜುಗಳು ಹೆಚ್ಚಾಗಿರುವುದು ಅಮೆರಿಕದ ದಕ್ಷಿಣದಲ್ಲಿ. ಅಲ್ಲಿನ ಬೇಸಿಗೆಯ ಸೆಕೆ ನಮ್ಮ ಕರಾವಳಿಯವರಿಗೆ ವಿವರಿಸಬೇಕಾದ್ದಿಲ್ಲ. ತಂಪು ಕೋಣೆಯನ್ನು ವರ್ಷವಿಡೀ ನಡೆಸಲು ಹಣ ಬೇಕು, ಅದೇ ಇವುಗಳಲ್ಲಿ ಕಡಿಮೆ. ಮೇಲ್ಛಾವಣಿ ಸೋರುವಾಗ ಫೋಟೋ ಪೆಟ್ಟಿಗೆಗೆ ಖರ್ಚು ಮಾಡಿ ಎಂದು ಆಡಳಿತದವರಿಗೆ ಹೇಳುವ ಧೈರ್ಯ ಗ್ರಂಥಪಾಲಕರಿಗೆ ಎಲ್ಲಿಂದ ಬರಬೇಕು? 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಬಂದಾಗ ನ್ಯೂ ಆರ್ಲಿಯನ್ಸ್‌ನ ಡಿಲ್ಲಾರ್ಡ್, ಝೇವಿಯರ್ ಮತ್ತು ಸದರ್ನ್ ವಿಶ್ವವಿದ್ಯಾಲಯಗಳ ಆವರಣಕ್ಕೆ ನೀರು ನುಗ್ಗಿತು. ವರ್ಜೀನಿಯಾದ ಸೇಂಟ್ ಪಾಲ್ಸ್ ಕಾಲೇಜಿನಂಥವು ಹಣದ ಮುಗ್ಗಟ್ಟಿನಿಂದ ಮುಚ್ಚಿಯೇ ಹೋದವು. ಅದು ಮುಚ್ಚಿದ್ದು 2013ರಲ್ಲಿ. ಮುಚ್ಚಿದ ಕಾಲೇಜಿನ ಫೋಟೋಗಳಿಗೆ ವಾರಸುದಾರರು ಯಾರು?

ಒಬ್ಬೊಬ್ಬರಿಂದ ಆಗದ್ದನ್ನು ಕೂಡಿ ಮಾಡೋಣವೆಂದು 2002ರಲ್ಲಿ ಈ ಗ್ರಂಥಾಲಯಗಳು ಸೇರಿ ಒಂದು ಒಕ್ಕೂಟ ಕಟ್ಟಿಕೊಂಡವು. ಮೆಲನ್ ಪ್ರತಿಷ್ಠಾನದ ನೆರವಿನಿಂದ, ಡೆಲವೇರ್ ವಿಶ್ವವಿದ್ಯಾಲಯದ ಸಂರಕ್ಷಣಾ ವಿಭಾಗದಂಥ ತಜ್ಞ ಸಂಸ್ಥೆಗಳ ಸಹಕಾರದಿಂದ ಫೋಟೋ ರಕ್ಷಣೆಯ ಯೋಜನೆ ನಡೆಯಿತು. ಸಂಗ್ರಹಗಳ ಸಮೀಕ್ಷೆಯಾಯಿತು, ಸಿಬ್ಬಂದಿಗೆ ತರಬೇತಿ ಸಿಕ್ಕಿತು. 2021ರಲ್ಲಿ ಗೆಟ್ಟಿ ಇಮೇಜಸ್ ಎಂಬ ಚಿತ್ರ ಸಂಸ್ಥೆ ನಾಲ್ಕು ಕಾಲೇಜುಗಳ ಚಿತ್ರಗಳನ್ನು ಸ್ಕ್ಯಾನ್ ಮಾಡಲು ಅನುದಾನ ಪ್ರಕಟಿಸಿತು. ಹಕ್ಕುಸ್ವಾಮ್ಯ ಕಾಲೇಜುಗಳಲ್ಲೇ ಉಳಿಯುವಂತೆ ಒಪ್ಪಂದವಾಯಿತು. ಹ್ಯಾಂಪ್ಟನ್ ಆಲ್ಬಮ್ಮಿನ ಕಥೆ ಓದಿದ ನಿಮಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಆದರೆ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ಉಳಿಸಿದಂತಾಯಿತು ಎಂದು ತಿಳಿಯಬೇಡಿ. ಯಾರೆಂದು ತಿಳಿಯದ ಮುಖವನ್ನು ಕಂಪ್ಯೂಟರಿನಲ್ಲಿ ಹುಡುಕುವುದಾದರೂ ಯಾವ ಪದದಿಂದ?

ಹೆಸರಿಡುವ ಕೆಲಸದ ಬೆಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವರು ಹೋವರ್ಡ್ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಡೊರೊಥಿ ಪೋರ್ಟರ್. ಅವರು 1930ರಲ್ಲಿ ಕೆಲಸಕ್ಕೆ ಸೇರಿದಾಗ ಡ್ಯೂಯಿ ವರ್ಗೀಕರಣದಂತೆ ಕಪ್ಪು ಜನರಿಗೆ ಸಂಬಂಧಿಸಿದ ಪುಸ್ತಕಗಳನ್ನು 326, ಅಂದರೆ ಗುಲಾಮಗಿರಿ, ಇಲ್ಲವೇ 325, ಅಂದರೆ ವಲಸೆ, ಈ ಎರಡು ಅಂಕೆಗಳ ಕೆಳಗೆ ತುರುಕುವುದು ವಾಡಿಕೆಯಾಗಿತ್ತು. ಕಪ್ಪು ಕವಿ ಬರೆದ ಕವಿತೆಗೂ ಅದೇ ಅಂಕೆ! ಪೋರ್ಟರ್ ಅದನ್ನು ಒಪ್ಪದೆ ಕವಿತೆಯನ್ನು ಕವಿತೆಯ ಜೊತೆ, ಸಂಗೀತವನ್ನು ಸಂಗೀತದ ಜೊತೆ ಇಟ್ಟರು. 1973ರವರೆಗೆ ದುಡಿದು ಅವರು ಬೆಳೆಸಿದ ಸಂಗ್ರಹ ಇಂದು ಮೂರ್ಲೆಂಡ್-ಸ್ಪಿಂಗಾರ್ನ್ ಸಂಶೋಧನಾ ಕೇಂದ್ರವೆಂದು ಹೆಸರಾಗಿದೆ.

ಆ ಕೇಂದ್ರದ ಕಪಾಟುಗಳಿಗೆ ನಮ್ಮ ನಾಡಿನ ಎಳೆಯೊಂದೂ ತಗಲಿಕೊಂಡಿದೆ. ಬೆಂಜಮಿನ್ ಮೇಸ್ ಅವರ ಕಾಗದಪತ್ರಗಳು ಅಲ್ಲಿವೆ. ಮುಂದೆ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಗುರುವಾದ ಈ ಮೇಸ್, 1937ರ ಜನವರಿಯಲ್ಲಿ ವೈ.ಎಂ.ಸಿ.ಎ. ವಿಶ್ವ ಸಮ್ಮೇಳನಕ್ಕೆಂದು ಮೈಸೂರಿಗೆ ಬಂದಿದ್ದರು. ಆ ಭೇಟಿಯಲ್ಲಿ ಅಸ್ಪೃಶ್ಯರ ಶಾಲೆಯೊಂದಕ್ಕೆ ಹೋದಾಗ ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಅಸ್ಪೃಶ್ಯರೆಂದೇ ಮಕ್ಕಳಿಗೆ ಪರಿಚಯಿಸಿದರು. ಮೇಸ್ ಮೊದಲು ನೊಂದರು, ಆಮೇಲೆ ಅದು ನಿಜವೇ ಎಂದುಕೊಂಡರು. ಇದನ್ನು ಅವರೇ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಆ ಮುಖ್ಯೋಪಾಧ್ಯಾಯರು, ಆ ಮಕ್ಕಳು ಯಾರು? ಮೈಸೂರಿನ ವಿದ್ಯಾರ್ಥಿಗಳು ಯಾರಾದರೂ ಹುಡುಕಬಹುದಾದ ವಿಷಯವಿದು.

ಅಮೆರಿಕದ ಈ ಕಾಲೇಜುಗಳಲ್ಲಿ ಪ್ರತಿವರ್ಷ ಹಳೆಯ ವಿದ್ಯಾರ್ಥಿಗಳು ಮರಳಿ ಬಂದು ಸೇರುವ ಹಬ್ಬವೊಂದಿದೆ. ಅಂಥ ದಿನಗಳಲ್ಲಿ ಕೆಲವು ಗ್ರಂಥಾಲಯಗಳು ಹೆಸರಿಲ್ಲದ ಫೋಟೋಗಳ ಪ್ರತಿಗಳನ್ನು ಮೇಜಿನ ಮೇಲೆ ಹರಡಿ ಪಕ್ಕದಲ್ಲಿ ಪೆನ್ಸಿಲ್ ಇಡುತ್ತವೆ. ಬಂದ ಹಿರಿಯರು ಕನ್ನಡಕ ಸರಿಮಾಡಿಕೊಂಡು ನೋಡುತ್ತಾರೆ, ಗುರುತು ಸಿಕ್ಕಿದ ಹೆಸರುಗಳನ್ನು ಬರೆಯುತ್ತಾರೆ. 1955ರಲ್ಲಿ ಪದವಿ ಪಡೆದವರಿಗೆ ಈಗ ತೊಂಬತ್ತು ದಾಟಿದೆ.